ಅಗಲದ ಸ್ಕೀ

ನನ್ನ ಗಂಡ ಹೃದಯಾಘಾತದಿಂದ ತೀರಿಕೊಂಡಾಗ, ನಾನು ಎಂದಿನಂತೆ ಯೋಕೋಹಾಮಾದ ಶಾಲೆಯಲ್ಲಿ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಉತ್ತರದ ಹಿಮದ ದ್ವೀಪ ಹೊಕ್ಕೈದೋದಲ್ಲಿ, ಹಿಮದ ಮೇಲೆ ಓಡಿಸುವ ಅವರ ಸ್ನೋಮೊಬೈಲ್ ಇತ್ತು. ಮಾರಲು ಮನಸ್ಸಾಗದೆ, ನಾನೇ ಓಡಿಸುತ್ತೇನೆಂದು ಮುಂದಿನ ಚಳಿಗಾಲ ಮಗಳೊಂದಿಗೆ ಹೋದೆ. ಹಿಟ್ಟಿನಂಥ ಆಳದ ಹಿಮದಲ್ಲಿ ಗಾಡಿಯ ಮುಂಭಾಗದಲ್ಲಿ ಚಕ್ರದ ಬದಲಿಗಿರುವ ಸ್ಕೀ ಪಟ್ಟಿಗಳು ಹೂತುಹೋಗುತ್ತಿದ್ದವು. ಬದಲಿಸಲೆಂದು ಗಂಡ ಆರಿಸಿಟ್ಟಿದ್ದ ಅತಿ ಅಗಲದ ಜೋಡಿಯನ್ನೇ ಸ್ನೋಮೊಬೈಲ್ ಅಂಗಡಿಯ ಮೋರಿ ಸಾನ್‌ಗೆ ತೋರಿಸಿದೆ.

ಮೋರಿ ಸಾನ್ ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡು, ತಲೆ ವಾಲಿಸಿ, "ಒಳ್ಳೆಯ ಸ್ಕೀ..." ಎಂದರು.

"ನೋಡು, ಒಪ್ಪಿದರು," ಎಂದೆ ಮಗಳಿಗೆ.

"ಅಯ್ಯೋ ಅಮ್ಮಾ, ಇಲ್ಲಿಯವ್ರು ಹಾಗೆ ಉಸಿರೆಳೆದ್ರೆ ನೋ ಅಂತ! ಇಷ್ಟು ವರ್ಷ ಇಲ್ಲಿದ್ದೂ ಗೊತ್ತಾಗಲ್ವಾ?" ಎಂದು ಮಗಳು ನಕ್ಕಳು.

ನಾನು ಹಟ ಬಿಡಲಿಲ್ಲ. ಮೋರಿ ಸಾನ್ ಆ ಜೋಡಿ ಹಾಕಿ, ಅಂಗಳದ ಹಿಮದಲ್ಲಿ ನನ್ನನ್ನು ಗಾಡಿಯ ಮೇಲೆ ಕೂರಿಸಿದರು. ಸ್ಕೀ ಹೂತುಹೋಗಲಿಲ್ಲ. ಆದರೆ ಗಾಡಿ ತಿರುಗಿಸಲು ಎಷ್ಟು ಎಳೆದರೂ ಹ್ಯಾಂಡಲ್ ಜಗ್ಗಲಿಲ್ಲ.

"ಅಷ್ಟು ಅಗಲದ್ದು ಅಪ್ಪನ ತೋಳಿನ ಬಲಕ್ಕೆ ಅಮ್ಮಾ," ಎಂದಳು ಮಗಳು. "ಈಗ ಓಡ್ಸೋದು ನೀನಲ್ವಾ?"

ಗಂಡನ ಆಯ್ಕೆಯನ್ನು ಬಿಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೋರಿ ಸಾನ್ ಚಹಾ ತಂದುಕೊಟ್ಟರು. ಕುಡಿದು, ಕಡಿಮೆ ಅಗಲದ ಜೋಡಿ ಹಾಕಿಸಿದೆ.

ಬೆಟ್ಟದ ಹಿಮದಲ್ಲಿ ಗಾಡಿ ತುಸು ಹೂತುಹೋಯಿತು. ನಾನು ತಿರುಗಿಸಿದ ಕಡೆಗೆ ತಿರುಗಿತು.