ಎವಾರಿಸ್ಟೊ ಗುಲಾಬಿ ಸವರಿದ ದಿನ

ಹತ್ತು ದಿನ ಹಿಡಿದಿದ್ದ ಜಡಿಮಳೆ ಆ ಗುರುವಾರ ಬೆಳಿಗ್ಗೆ ಬಿಟ್ಟಿತು. ಭೂಮಿಯ ದಕ್ಷಿಣಕ್ಕಿರುವ ನಮ್ಮ ಸೀಮೆಗೆ ಜುಲೈ ಎಂದರೆ ನಡುಚಳಿಗಾಲ. ಹೊಳೆಯಿಂದ ಎದ್ದ ಮಂಜು ಪಾಸೊ ಲೆಗಿಸಾಮೊ ಊರನ್ನೆಲ್ಲ ಒದ್ದೆ ಕಂಬಳಿಯ ಹಾಗೆ ಮುಚ್ಚಿಕೊಂಡಿತ್ತು. ಎವಾರಿಸ್ಟೊ ಹಾಸಿಗೆಯಿಂದ ಎದ್ದವನೇ ಕಿಟಕಿಯ ಹಲಗೆ ಸರಿಸಿ ನೋಡಿದ. ಮಳೆ ಇಲ್ಲ. ನಾಳೆ ಅಮಾವಾಸ್ಯೆ. ಉಳಿದಿರುವುದು ಇದೊಂದೇ ದಿನ.

ಗುಲಾಬಿಯನ್ನು ಜುಲೈ ತಿಂಗಳ ಕೃಷ್ಣಪಕ್ಷದಲ್ಲೇ ಸವರಬೇಕು ಎನ್ನುವುದು ಅವನ ಅಪ್ಪನ ಕಾಲದ ಕಟ್ಟಳೆ. ಚಂದ್ರ ಬೆಳೆಯುವಾಗ ಕತ್ತರಿ ಆಡಿಸಿದರೆ ಗಿಡದ ರಸ ಸೋರುತ್ತದೆ, ಮೊಳಕೆಗಳು ಅವಸರದಲ್ಲಿ ಒಡೆಯುತ್ತವೆ, ಆಗಸ್ಟಿನ ಹೆಪ್ಪುಗಟ್ಟಿದ ಇಬ್ಬನಿಗೆ ಸುಟ್ಟು ಕರಕಲಾಗುತ್ತವೆ. ಓದಿದವರು ನಗುತ್ತಾರೆ, ನಗಲಿ. ಮೂವತ್ತೆಂಟು ವರ್ಷದಿಂದ ಆಸ್ಪತ್ರೆಯ ತೋಟ ನೋಡಿಕೊಂಡು ಬಂದವನು ಎವಾರಿಸ್ಟೊ, ಓದಿದವರಲ್ಲ. ಈ ಸಲದ ಪಕ್ಷವನ್ನೆಲ್ಲ ಮಳೆ ನುಂಗಿ ಹಾಕಿತ್ತು. ನಲವತ್ತೆರಡು ಗಿಡ, ಒಂದು ದಿನ.

ಆದರೆ ಆ ಗುರುವಾರವೇ ಊರು ಬಂದ್.

ಆಸ್ಪತ್ರೆಯ ಹೆರಿಗೆ ವಾರ್ಡನ್ನು ‘ತಾತ್ಕಾಲಿಕವಾಗಿ’ ಮುಚ್ಚಲಾಗಿದೆ, ಬಸುರಿಯರು ಇನ್ನು ಮೇಲೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು ಎಂದು ಮೇಲಿನಿಂದ ಕಾಗದ ಬಂದಿತ್ತು. ತೊಂಬತ್ತು ಕಿಲೋಮೀಟರ್ ದಾರಿ, ಅದರಲ್ಲಿ ಮೂವತ್ತು ಬರೀ ಕೆಸರು. ತಾತ್ಕಾಲಿಕ ಎಂಬ ಮಾತಿಗೆ ನಮ್ಮೂರಲ್ಲಿ ಯಾರೂ ಮರುಳಾಗುವುದಿಲ್ಲ. ರೈಲನ್ನೂ ತಾತ್ಕಾಲಿಕವಾಗಿಯೇ ನಿಲ್ಲಿಸಿದ್ದರು, ಎವಾರಿಸ್ಟೊನಿಗೆ ಆಗ ಮೀಸೆ ಬಂದಿರಲಿಲ್ಲ. ಒಂಬತ್ತು ದಿನದಿಂದ ಜನ ಆಸ್ಪತ್ರೆಯ ಗೇಟಿನ ಮುಂದೆ ಟಾರ್ಪಾಲು ಕಟ್ಟಿ, ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದರು. ಹೆರಿಗೆ ಮಂಚ ಮತ್ತು ದಿನ ತುಂಬದ ಕೂಸುಗಳನ್ನಿಡುವ ಗಾಜಿನ ಪೆಟ್ಟಿಗೆ ಒಳಗಿರುವ ತನಕ ಆ ಆಜ್ಞೆ ಬರೀ ಕಾಗದ, ಅವು ಹೋದವೋ ವಾರ್ಡೂ ಹೋಯಿತು. ಅವನ್ನು ಒಯ್ಯಲು ಎರಡು ಸಲ ವ್ಯಾನು ಬಂದಿತ್ತು. ಎರಡು ಸಲವೂ ಜನ ಮೊಣಕೈಗೆ ಮೊಣಕೈ ಹೆಣೆದು ಗೇಟಿಗೆ ಅಡ್ಡ ನಿಂತು ಬರಿಗೈಲಿ ವಾಪಸು ಕಳಿಸಿದ್ದರು.

ಎವಾರಿಸ್ಟೊ ಇದಕ್ಕೆ ವಿರೋಧಿಯೇನಲ್ಲ. ಕೆಲಸ ಮುಗಿದ ಮೇಲೆ ದಿನಾ ಸಂಜೆ ಅಲ್ಲೇ ಕೂರುತ್ತಿದ್ದ, ಒಣಗಿದ ಕೊಂಬೆಗಳನ್ನು ತಂದು ಬೆಂಕಿಗೆ ಹಾಕುತ್ತಿದ್ದ. ಅವನ ಒಬ್ಬಳೇ ಮಗಳು ನೀಬಿಯಾ ಎಂಟು ತಿಂಗಳ ಬಸುರಿ. ಅವಳೂ ಹಗಲೆಲ್ಲ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದಳು.

ಅಪ್ಪ ಕತ್ತರಿಗೆ ಎಣ್ಣೆ ಹಚ್ಚುವುದನ್ನು ಕಂಡು ಅವಳು ಒಲೆಯ ಮುಂದಿನಿಂದ ತಿರುಗಿದಳು.

“ಅಪ್ಪಾ, ಇವತ್ತು ಯಾರೂ ಕೆಲ್ಸಕ್ಕೆ ಹೋಗ್ಬಾರ್ದು ಅಂತ ಮಾತಾಗಿದೆ.”

“ಕೆಲ್ಸಕ್ಕೆ ಯಾರ್ ಹೋಗ್ತಿದಾರೆ? ಗುಲಾಬಿ ಸವರೋಕೆ ಹೋಗ್ತಿದೀನಿ.”

“ಎರಡಕ್ಕೂ ಏನ್ ವ್ಯತ್ಯಾಸ?”

“ಗುಲಾಬಿಗೆ ಬಂದ್ ಗಿಂದ್ ಗೊತ್ತಾಗಲ್ಲಮ್ಮ. ನಾಳೆ ಅಮಾವಾಸ್ಯೆ. ಆಮೇಲೆ ಮುಟ್ಟೋ ಹಾಗಿಲ್ಲ.”

ನೀಬಿಯಾ ಮತ್ತೆ ಒಲೆಯ ಕಡೆ ತಿರುಗಿದಳು. ಈ ಮನುಷ್ಯ ಹಟ ಹಿಡಿದರೆ ಕಲ್ಲಾದರೂ ಕರಗೀತು, ಇವನು ಕರಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಗೇಟಿನ ಹತ್ತಿರ, ಊರೆಲ್ಲ ಗೌರವದಿಂದ ದೋನ್ಯಾ ಎನ್ನುವ ದೆಲ್ಮಿರಾ ಬೆಂಕಿಯ ಪಕ್ಕ ಕೂತು ಸೋರೆಬುರುಡೆಗೆ ಯೆರ್ಬಾ ಸೊಪ್ಪು ತುಂಬಿ ಬಿಸಿನೀರು ಹುಯ್ಯುತ್ತಿದ್ದಳು. ನಮ್ಮ ಕಡೆಯ ಚಹಾ ಅದು, ಒಂದೇ ಬುರುಡೆ ಸರದಿಯಂತೆ ಸುತ್ತ ಕೂತವರಿಗೆಲ್ಲ ಹೋಗುತ್ತದೆ. ಊರಿನ ಅರ್ಧ ಮಕ್ಕಳನ್ನು ಭೂಮಿಗಿಳಿಸಿದ ನಿವೃತ್ತ ದಾದಿ ಅವಳು. ನೀಬಿಯಾಳೂ ಅವಳ ಕೈಯಲ್ಲೇ ಹುಟ್ಟಿದವಳು. ಕತ್ತರಿ ಹಿಡಿದು ಬಂದ ಎವಾರಿಸ್ಟೊನನ್ನು ಮೇಲಿಂದ ಕೆಳಗೆ ನೋಡಿ ಬುರುಡೆ ಚಾಚಿದಳು. ಅವನು ಕೊಳವೆಯಲ್ಲಿ ಹೀರಿ ಹಿಂದಕ್ಕೆ ಕೊಟ್ಟ.

“ಹೋಗು ಮಾರಾಯ,” ಎಂದಳು. “ಒಳಗೆ ಹೆರಿಗೆ ಇಲ್ಲ, ನಿನ್ನ ಗುಲಾಬಿಗಾದ್ರೂ ಬಾಣಂತನ ಆಗ್ಲಿ. ಬೇಗ ಮುಗಿಸ್ಕೊಂಡು ಬಾ.”

ಸುತ್ತಲಿದ್ದವರು ನಕ್ಕರು. ಬೇಕರಿಯ ವಾಲ್ದೆಮಾರ್ ಮಾತ್ರ ನಗಲಿಲ್ಲ. “ನಾನು ಒಲೆ ಆರ್ಸಿ ಬಂದಿದೀನಿ. ಇಪ್ಪತ್ತು ವರ್ಷದಲ್ಲಿ ಮೊದಲ್ನೇ ಸಲ. ಇವನ ಕತ್ತರಿಗೆ ಬೇರೆ ಕಾನೂನಾ?” ಎಂದ. ಎವಾರಿಸ್ಟೊ ಕಿವಿಗೆ ಹಾಕಿಕೊಳ್ಳದೆ ಒಳಗೆ ನಡೆದ.

ಹೊರಮುಖದ ಮೊಗ್ಗು ಹುಡುಕಿ, ಅದರ ಮೇಲೆ ಒಂದು ಬೆರಳು ಬಿಟ್ಟು, ನೀರು ನಿಲ್ಲದ ಹಾಗೆ ಓರೆಯಾಗಿ ಕತ್ತರಿಸಬೇಕು. ಒಣಗಿದ್ದನ್ನು ಬುಡಕ್ಕೇ ತೆಗೆಯಬೇಕು. ಒಂದಕ್ಕೊಂದು ಉಜ್ಜುವ ಎರಡು ಕೊಂಬೆಯಲ್ಲಿ ಯಾವುದು ಉಳಿಯಬೇಕೆಂದು ನಿಂತು ಯೋಚಿಸಬೇಕು. ಚಳಿಗೆ ಬೆರಳು ಮರಗಟ್ಟಿದ್ದವು, ಮುಳ್ಳು ತಾಗಿದ್ದು ರಕ್ತ ಕಂಡಾಗಲೇ ತಿಳಿಯುತ್ತಿತ್ತು. ಕತ್ತರಿಸಿದ ಕಡ್ಡಿಗಳಲ್ಲಿ ಗಟ್ಟಿಯಾದವನ್ನು ಆರಿಸಿ, ಕಟ್ಟು ಕಟ್ಟಿ ಮುಂದಿನ ಗೋಡೆಯ ಮೇಲೆ ಸಾಲಾಗಿ ಇಟ್ಟ. ಅದು ನಮ್ಮೂರ ರೂಢಿ. ಎವಾರಿಸ್ಟೊ ಸವರುವ ದಿನ ಹೆಂಗಸರು ಒದ್ದೆ ಪೇಪರು ಹಿಡಿದು ಬರುತ್ತಾರೆ, ಕಡ್ಡಿ ಸುತ್ತಿಕೊಂಡು ಹೋಗುತ್ತಾರೆ. ಮಧ್ಯಾಹ್ನಕ್ಕೆ ಗೋಡೆ ಖಾಲಿ. ಈ ಊರಿನ ಯಾವ ಅಂಗಳದಲ್ಲಿ ಗುಲಾಬಿ ಅರಳಿದರೂ ಅದರ ತಾಯಿ ಇಲ್ಲಿದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಹತ್ತು ಗಂಟೆಗೆ ಅರ್ಬೆಲೊ ಬಂದ. ವಾರ್ಡು ಮುಚ್ಚಿಸಲೆಂದೇ ರಾಜಧಾನಿಯಿಂದ ಬಂದಿದ್ದ ಅಧಿಕಾರಿ. ಬೆಚ್ಚನೆಯ ಕೋಟು, ಮೆತ್ತನೆಯ ಮಾತು. ಆ ಕೆಂಪಿನ ಗಿಡ ಎಷ್ಟು ವರ್ಷದ್ದು, ಇದನ್ನು ಹೀಗೇ ಏಕೆ ಕತ್ತರಿಸುತ್ತೀರಿ ಎಂದೆಲ್ಲ ಕೇಳಿದ. ಮೂವತ್ತೆಂಟು ವರ್ಷದಲ್ಲಿ ಕೋಟು ತೊಟ್ಟ ಒಬ್ಬನೂ ಎವಾರಿಸ್ಟೊನನ್ನು ಇಂಥ ಪ್ರಶ್ನೆ ಕೇಳಿದ್ದಿಲ್ಲ. ಬಚ್ಚಿಡುವುದೇಕೆ, ಅವನು ಹಿಗ್ಗಿ ಹೋದ. ಚಂದ್ರನ ಲೆಕ್ಕವನ್ನೂ ವಿವರಿಸಿದ.

“ಒಂದು ಫೋಟೊ ತೆಗೀಲಾ, ದೋನ್ ಎವಾರಿಸ್ಟೊ? ಇಂಥ ಕೆಲ್ಸಗಾರ್ರು ಈಗೆಲ್ಲಿ ಸಿಗ್ತಾರೆ!”

ಎವಾರಿಸ್ಟೊ ಟೋಪಿ ತೆಗೆದು, ತಲೆ ನೀವಿಕೊಂಡು, ಕತ್ತರಿ ಎದೆಯ ಹತ್ತಿರ ಹಿಡಿದು ನಕ್ಕ.

ಮಧ್ಯಾಹ್ನವಾಯಿತು. ಗೋಡೆಯ ಮೇಲಿನ ಕಟ್ಟುಗಳು ಇಟ್ಟಲ್ಲೇ ಇದ್ದವು. ಮಂಜಿಗೆ ಯಾರೂ ಹೊರಬಿದ್ದಿಲ್ಲವೇನೋ ಎಂದುಕೊಂಡ. ಆದರೆ ಗೋಡೆಯಾಚೆ ಹೆಂಗಸರು ಓಡಾಡುತ್ತಲೇ ಇದ್ದರು. ಅಂಚೆಯವನ ಹೆಂಡತಿಗೆ ಕಳೆದ ವರ್ಷವೇ ಹಳದಿ ಗುಲಾಬಿಯ ಕಡ್ಡಿ ಕೊಡುವೆನೆಂದು ಮಾತು ಕೊಟ್ಟಿದ್ದ. ಕೂಗಿ ಕರೆದ. ಅವಳು ಕೇಳಿಸದವಳಂತೆ ಹೋದಳು.

ಆಮೇಲೆ ನೀಬಿಯಾ ಬಂದಳು. ಗೋಡೆಯ ಆಚೆಯೇ ನಿಂತು ಫೋನು ಮುಂದೆ ಹಿಡಿದಳು. ಪರದೆಯಲ್ಲಿ ಅವನೇ, ಬಾಯ್ತುಂಬ ನಗು. ಕೆಳಗಿದ್ದುದನ್ನು ಅವಳೇ ಓದಿದಳು.

“‘ಪಾಸೊ ಲೆಗಿಸಾಮೊ ಆಸ್ಪತ್ರೆಯಲ್ಲಿ ಎಂದಿನಂತೆ ಕೆಲಸ. ಬಂದ್‌ಗೆ ಸಿಬ್ಬಂದಿಯ ಬೆಂಬಲವಿಲ್ಲ.’ ರೇಡಿಯೋದಲ್ಲೂ ಹೇಳಿದ್ರು ಅಪ್ಪ. ದೇಶಕ್ಕೆಲ್ಲ ಗೊತ್ತಾಯ್ತು.”

“ನಾನು ಹಾಗಂತ ಹೇಳೇ ಇಲ್ಲ. ಗುಲಾಬಿ ಬಗ್ಗೆ ಕೇಳ್ದ, ಹೇಳ್ದೆ.”

“ಗೊತ್ತು. ನೀನು ಗುಲಾಬಿ ಬಗ್ಗೇನೇ ಹೇಳಿರ್ತೀಯ.” ಅವಳು ಸೊಂಟದ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. “ಅಲ್ಲಿ ನಿನ್ನ ಮಗಳು ಅಂತ ನನ್ನ ಮುಖ ನೋಡ್ತಿದಾರೆ. ಚಂದ್ರ ಮುಂದಿನ ತಿಂಗಳೂ ಬರ್ತಾನಲ್ಲಪ್ಪ. ಮುಂದಿನ ತಿಂಗಳು ನಾನು ಎಲ್ಲಿಗೆ ಹೋಗ್ಲಿ?”

ಎವಾರಿಸ್ಟೊ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟ. ಕತ್ತರಿ ಹಿಡಿದುಕೊಂಡೇ ಅರ್ಬೆಲೊನ ಕೋಣೆಗೆ ಹೋದ. ಫೋಟೊ ತೆಗೆದುಹಾಕಿ ಎಂದು ಕೇಳಿದ. ಅರ್ಬೆಲೊ ಸಿಟ್ಟಾಗಲಿಲ್ಲ, ಕುರ್ಚಿ ಕೂಡ ತೋರಿಸಿದ.

“ನೀವು ಕೆಲ್ಸ ಮಾಡ್ತಿರ್ಲಿಲ್ವಾ ದೋನ್ ಎವಾರಿಸ್ಟೊ? ಅದ್ರಲ್ಲಿ ಸುಳ್ಳೇನಿದೆ ಹೇಳಿ.”

ಸುಳ್ಳೇನೂ ಇರಲಿಲ್ಲ. ತೋಟಕ್ಕೆ ವಾಪಸು ಬಂದ, ಆದರೆ ಕೈ ಏಳಲಿಲ್ಲ. ಹದಿಮೂರು ಗಿಡ ಹಾಗೇ ಉಳಿದಿದ್ದವು. ಸಲಕರಣೆಯ ಗೂಡಿನಲ್ಲಿ ಗೊಬ್ಬರದ ಮೂಟೆಯ ಮೇಲೆ ಕೂತ. ಹೊರಗೆ ಹೋಗಲು ನಾಚಿಕೆ, ಒಳಗಿರಲು ಅಸಹ್ಯ.

ನಾಲ್ಕೂವರೆಗೆ ಬೆಳಕು ಮಂಕಾಗತೊಡಗಿತು. ಮನೆಗೆ ಹೋಗೋಣವೆಂದು ಎದ್ದವನಿಗೆ ಹಿತ್ತಲಲ್ಲಿ ಬಟ್ಟೆ ಒಗೆಯುವವರ ವ್ಯಾನು ಕಂಡಿತು. ರೋಗಿಗಳ ಬಟ್ಟೆಗೆಂದು ಬೆಳಿಗ್ಗೆ ಜನರೇ ದಾರಿ ಬಿಟ್ಟು ಒಳಗೆ ಕಳಿಸಿದ್ದ ವ್ಯಾನು. ಆದರೆ ಅದು ನಿಂತಿದ್ದು ಒಗೆಯುವ ಕೋಣೆಯ ಮುಂದಲ್ಲ, ಹೆರಿಗೆ ವಾರ್ಡಿನ ಬಾಗಿಲಲ್ಲಿ. ವ್ಯಾನಿನ ಹಿಂಬಾಗಿಲಿಂದ, ಕಂಬಳಿ ಸುತ್ತಿದ ಹೆರಿಗೆ ಮಂಚದ ಕಬ್ಬಿಣದ ಕಾಲುಗಳು ಹೊರಗೆ ಚಾಚಿದ್ದವು.

ಎವಾರಿಸ್ಟೊ ಮುಂದಿನ ಗೇಟಿಗೆ ಓಡಿದ. ಅರವತ್ತು ದಾಟಿದ ಮೊಣಕಾಲಲ್ಲಿ ಎಷ್ಟು ಓಡಬಹುದೋ ಅಷ್ಟು.

“ತುಂಬ್ತಿದಾರೆ! ಮಂಚ ತುಂಬ್ತಿದಾರೆ, ಬಟ್ಟೆ ವ್ಯಾನಲ್ಲಿ! ಈ ಗೇಟಿಂದಾನೇ ಬರ್ತಾರೆ, ಎಲ್ರೂ ಏಳಿ!”

ಬೆಂಕಿಯ ಸುತ್ತ ಐವತ್ತು ಅರವತ್ತು ಜನ ಇದ್ದರು. ಯಾರೂ ಏಳಲಿಲ್ಲ. ವಾಲ್ದೆಮಾರ್ ನಿಧಾನವಾಗಿ ತಲೆಯೆತ್ತಿದ.

“ಇದನ್ನೂ ಅರ್ಬೆಲೊನೇ ಹೇಳ್ಕೊಟ್ನಾ? ನಮ್ಮನ್ನ ಇಲ್ಲಿ ನಿಲ್ಸಿ ಹಿಂದಿನ ಗೇಟಿಂದ ಸಾಗ್ಸೋ ಉಪಾಯ ತಾನೇ?”

“ಹಿಂದಿನ ದಾರಿ ಕೆಸರು ವಾಲ್ದೆಮಾರ್, ವ್ಯಾನು ಹೂತೋಗುತ್ತೆ. ನಾನು ಕಣ್ಣಾರೆ ನೋಡ್ದೆ.”

“ನಿನ್ನ ಕಣ್ಣು ಏನೇನ್ ನೋಡುತ್ತೆ ಅಂತ ಮಧ್ಯಾಹ್ನ ಫೋಟೊದಲ್ಲಿ ನೋಡಿದೀವಿ.”

ಎವಾರಿಸ್ಟೊ ದೆಲ್ಮಿರಾಳ ಕಡೆ ತಿರುಗಿದ. ಅವಳು ಬುರುಡೆಗೆ ನೀರು ಹುಯ್ದು ಎಡಗಡೆಯವನಿಗೆ ಕೊಟ್ಟಳು. ಅವನು ಕುಡಿದು ಕೊಟ್ಟ. ಮತ್ತೆ ತುಂಬಿ, ಎದುರಿಗೇ ನಿಂತಿದ್ದ ಎವಾರಿಸ್ಟೊನನ್ನು ದಾಟಿಸಿ ಅವನ ಬಲಗಡೆಯವಳಿಗೆ ಚಾಚಿದಳು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಆಮೇಲೆ ಮುಖ ಎತ್ತದೆ ಹೇಳಿದಳು: “ಮುಕ್ಕಾಲು ಜನ ಹಿಂದಿನ ಗೇಟಿಗೆ ಹೋಗಿ. ಇಲ್ಲಿ ಹತ್ತು ಜನ ಸಾಕು.”

ಜನ ಓಡಿದರು. ಅವರ ಹೆಜ್ಜೆ ಸದ್ದು ಆಸ್ಪತ್ರೆಯ ಆ ಬದಿ ಮುಟ್ಟುವುದಕ್ಕೂ ಈ ಬದಿ ವ್ಯಾನಿನ ದೀಪ ಹೊತ್ತುವುದಕ್ಕೂ ಸರಿಹೋಯಿತು. ಕೂಗಿದರೂ ಅವರು ತಿರುಗಿ ಬರುವಷ್ಟು ಹೊತ್ತಿರಲಿಲ್ಲ.

ಉಳಿದವರು ಎದ್ದು ಗೇಟಿಗೆ ಅಡ್ಡ ಸಾಲು ಕಟ್ಟಿದರು. ಗೇಟು ಅಗಲ, ಜನ ಸಾಲಲಿಲ್ಲ. ವಾಲ್ದೆಮಾರ್‌ಗೂ ನೀಬಿಯಾಗೂ ನಡುವೆ ಒಂದಾಳಿನ ಜಾಗ ಖಾಲಿ ಉಳಿಯಿತು. ಎವಾರಿಸ್ಟೊ ಹೋಗಿ ಅಲ್ಲಿ ನಿಂತ.

ವಾಲ್ದೆಮಾರ್ ಬಲಗೈಯನ್ನು ಕೋಟಿನ ಜೇಬಿಗಿಳಿಸಿದ. ನೀಬಿಯಾಳ ಎಡಗೈ ಹೊಟ್ಟೆಯ ಮೇಲಿತ್ತು, ಅದು ಅಲ್ಲಿಂದ ಕದಲಲಿಲ್ಲ. ತಾನಾಗಿ ಅವರ ತೋಳು ಹಿಡಿಯಲು ಎವಾರಿಸ್ಟೊನಿಗೆ ಧೈರ್ಯ ಬರಲಿಲ್ಲ. ಎರಡೂ ಕೈ ಇಳಿಬಿಟ್ಟು ನಿಂತ.

ವ್ಯಾನು ನಡಿಗೆಯ ವೇಗದಲ್ಲಿ ಬಂತು. ಹಿಂದಿನ ಎರಡು ಸಲವೂ ಹೀಗೇ ಬಂದು ಗೇಣುದ್ದ ದೂರದಲ್ಲಿ ನಿಂತಿತ್ತು. ಹೆಣೆದ ತೋಳಿನ ಸಾಲು ಸರಿಯಬೇಕೆಂದರೂ ಸರಿಯಲಾರದು, ಒಬ್ಬನ ಕಾಲು ಸೋತರೆ ಪಕ್ಕದವರು ಎತ್ತಿ ಹಿಡಿಯುತ್ತಾರೆ. ಡ್ರೈವರು ಈ ತುದಿಯಿಂದ ಆ ತುದಿಯವರೆಗೆ ಸಾಲನ್ನು ನೋಡಿದ. ಒಬ್ಬನೇ ಒಬ್ಬ ಬಿಡಿಯಾಗಿ ನಿಂತದ್ದು ಅವನ ಕಣ್ಣಿಗೆ ಬಿತ್ತು. ಚಕ್ರ ಅತ್ತ ತಿರುಗಿಸಿದ.

ಸರಿಯಬಾರದು ಎಂದೇ ಎವಾರಿಸ್ಟೊ ನಿಂತಿದ್ದ, ಇದನ್ನು ಯಾರು ಬೇಕಾದರೂ ನಂಬಲಿ ಬಿಡಲಿ. ದೀಪ ಕಣ್ಣಿಗೆ ಹೊಡೆಯಿತು, ಬಂಪರು ಮೊಣಕಾಲಿಗೆ ಮುಟ್ಟಿತು, ಒತ್ತಿತು. ಹಿಡಿದವರು ಯಾರೂ ಇರಲಿಲ್ಲ. ಕಾಲು ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು, ಆಮೇಲೆ ಇನ್ನೊಂದು, ಆಮೇಲೆ ಪಕ್ಕಕ್ಕೆ. ವಾಲ್ದೆಮಾರ್ ಜೇಬಿನಿಂದ ಕೈ ತೆಗೆಯುವಷ್ಟರಲ್ಲಿ ವ್ಯಾನಿನ ಮೂತಿ ನಡುವೆ ತೂರಿತ್ತು. ನೀಬಿಯಾಳನ್ನು ದೆಲ್ಮಿರಾ ಹಿಂದಕ್ಕೆ ಎಳೆದುಕೊಂಡಳು.

ವ್ಯಾನು ರಸ್ತೆಗೆ ಬಿದ್ದು ವೇಗ ಹಿಡಿಯಿತು. ಹಿಂಬದಿಯ ಗಾಜಿನಲ್ಲಿ ಕೂಸಿನ ಪೆಟ್ಟಿಗೆ ಒಂದು ಸಲ ಮಿನುಗಿತು. ಹಿಂದಿನ ಗೇಟಿಗೆ ಹೋದವರು ಓಡಿ ಬಂದಾಗ ಕೆಂಪು ದೀಪ ಸೇತುವೆ ದಾಟುತ್ತಿತ್ತು. ಯಾರೂ ಬೈಯಲಿಲ್ಲ. ವಾಲ್ದೆಮಾರ್ ಬೆಂಕಿಯ ಕಡೆ ಮುಖ ಮಾಡಿ ನಿಂತುಬಿಟ್ಟಿದ್ದ.

ನೀಬಿಯಾ ಅಪ್ಪನ ಹತ್ತಿರ ಬಂದಳು. ಮುಳ್ಳು ಗೀರಿ ರಕ್ತ ಹೆಪ್ಪುಗಟ್ಟಿದ್ದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಗಟ್ಟಿಯಾಗಿ, ಯಾರೋ ಕಿತ್ತುಕೊಂಡು ಹೋಗುತ್ತಾರೇನೋ ಎಂಬಂತೆ.

“ಈಗ ಯಾಕಮ್ಮ?” ಎಂದ ಎವಾರಿಸ್ಟೊ. “ಈಗ ಹಿಡಿದು ಏನ್ ಬಂತು?”