ನನ್ನ ಹಿಡಿಕೆ, ಕ್ಲಬ್ಬಿನ ರಿವಾಲ್ವರ್

ಕುವೈತಿನಲ್ಲಿ ನನಗೆ ಸ್ವಂತ ರಿವಾಲ್ವರ್ ಇಲ್ಲ. ನನ್ನ ಗುರಿಯ ಅಭ್ಯಾಸವೆಲ್ಲ ಇಲ್ಲಿನ ಶೂಟಿಂಗ್ ಕ್ಲಬ್ಬಿನ ಪಾಯಿಂಟ್ ಟೂ ಟೂ ರಿವಾಲ್ವರಿನಲ್ಲಿ. ಅದರ ಹಿಡಿಕೆ ನನ್ನ ಸಣ್ಣ ಕೈಗೆ ಒಗ್ಗದ ಕಾರಣ, ಕ್ಲಬ್ಬಿನ ಅನುಮತಿ ಪಡೆದು, ಊರಿನ ಶುವೈಖ್ ಬಡಾವಣೆಯ ಬಡಗಿಯೊಬ್ಬರಿಂದ ನನ್ನ ಅಂಗೈಯ ಅಳತೆಗೆ ಮರದ ಹಿಡಿಕೆ ಮಾಡಿಸಿ ಹಾಕಿಸಿದ್ದೆ.

ಮಹಿಳೆಯರ ಸ್ಪರ್ಧೆಯ ಬೆಳಿಗ್ಗೆ ಕೈಗೆತ್ತಿಕೊಂಡರೆ, ಅಂಗೈ ತುಂಬಲೆಂದು ಹಿಡಿಕೆಯಲ್ಲಿ ಮಾಡಿಸಿದ್ದ ಉಬ್ಬು ಮಾಯವಾಗಿತ್ತು. ಆಯುಧಗಳ ಉಸ್ತುವಾರಿ ಪುತ್ತೂರಿನ ಶರೀಫರದು. ಅವರು ನಿರಾಳವಾಗಿದ್ದರು.

“ಒಬ್ಬರ ದೊಡ್ಡ ಕೈಗೆ ಒತ್ತುತ್ತಿತ್ತು ಮೇಡಂ. ಸ್ವಲ್ಪ ಉಜ್ಜಿ ಕೊಟ್ಟೆ.”

“ನನ್ನನ್ನು ಕೇಳಬೇಕಿತ್ತಲ್ಲವೇ?”

“ರಿವಾಲ್ವರ್ ಕ್ಲಬ್ಬಿಂದಲ್ವಾ?”

“ಹಿಡಿಕೆ ನನ್ನದು.”

“ಅದು ನನಗೂ ಗೊತ್ತುಂಟು. ಆದ್ರೆ ಸ್ಕ್ರೂ ಕ್ಲಬ್ಬಿಂದು.”

ಅಷ್ಟರಲ್ಲಿ ನನ್ನ ಹೆಸರು ಕರೆದರು. ಹಿಡಿಕೆಗೆ ಕರವಸ್ತ್ರ ಸುತ್ತಿ ನಿಂತೆ. ಅದು ಪ್ರತಿ ಸಲವೂ ಜಾರಿತು, ಗುಂಡುಗಳು ಎಡಕ್ಕೇ ಹೋದವು. ವರ್ಷವಿಡೀ ಕಾದಿದ್ದ ಪದಕ ಬೇರೆಯವರ ಕೊರಳಿಗೆ ಬಿತ್ತು.

ಹೊರಬರುವಾಗ ಆ ದೊಡ್ಡ ಕೈಯ ಮಹನೀಯರೇ ಎದುರಾದರು. ಹಿಡಿಕೆ ಬಹಳ ಸೊಗಸಾಗಿದೆಯೆಂದು ಹೊಗಳಿ, ಬೆರಳುಗಳ ಕಡೆಗೂ ಒಂದು ಚೂರು ಉಜ್ಜಿಸಿದರೆ ಪರಿಪೂರ್ಣವಾಗುತ್ತದೆಂದು ನನಗೆ ಸಲಹೆ ಕೊಟ್ಟರು.