ಆಯಿಯ ಸೋಸುಬಟ್ಟೆ, ಬಾಯಾರ ಬಾವಿ

ಕೊಲ್ಹಾಪುರದ ನಮ್ಮ ಮನೆಯ ಹಿಂದಿನ ಕೆರೆ ಈ ಬೇಸಿಗೆ ಮತ್ತೆ ಹಸಿರಾಗಿದೆ. ಬೆಳಿಗ್ಗೆ ಕಿಟಕಿ ತೆರೆದರೆ ಪಾಚಿಯ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಗಡಹಿಂಗ್ಲಜ ಕಡೆಯ ನಮ್ಮ ಊರು, ಪಕ್ಕದ ಮನೆಯಲ್ಲಿದ್ದ ವಿಜ್ಞಾನದ ಬಾಯಾರು, ಅಂದರೆ ನಮ್ಮ ಶಾಲೆಯ ಟೀಚರು, ನೆನಪಾದರು...

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನಳದ ನೀರು ಕುಡಿಯುತ್ತಿರಲಿಲ್ಲ. ಜೈನರ ವ್ರತ. ಊರ ಕೆರೆಯ ನೀರು ತಂದು ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿದ ಜೀವಗಳನ್ನು ತಿರುಗಿ ಕೆರೆಗೇ ಬಿಟ್ಟು ಬರುತ್ತಿದ್ದಳು. ಒಂದು ವರ್ಷ ಕೆರೆ ಹಸಿರುಗಟ್ಟಿದಾಗ ಊರವರು ಗಿಡದ ರೋಗಕ್ಕೆ ಹೊಡೆಯುವ ಮೈಲುತುತ್ತ ಸುರಿದರು. ನೀರು ತಳ ಕಾಣುವಷ್ಟು ತಿಳಿಯಾಯಿತು. ಆಯಿ ಖುಷಿಯಿಂದ ಕೊಡ ಎತ್ತಿಕೊಂಡಳು. ಬಾಯಾರು ಅಡ್ಡ ನಿಂತರು.

"ಪಾಚಿ ಸತ್ತೈತ್ರಿ ಆಯಿ, ಖರೆ ಅದರೊಳಗಿನ ವಿಷಾ ಈಗ ನೀರಾಗ ಬಿಟ್ಟೈತಿ. ಸೋಸಿದರೂ ಹೋಗಂಗಿಲ್ಲ, ಕಾಸಿದರೂ ಹೋಗಂಗಿಲ್ಲ."

ಆಯಿಗೆ ಸಿಟ್ಟು ನೆತ್ತಿಗೇರಿತು. ಜೀವಮಾನವಿಡೀ ಸೋಸಿ ಕುಡಿದವಳಿಗೆ ನೀರಿನ ಪಾಠವೇ? ಮತ್ತೆ ಹೇಗೆ ಹೋಗುತ್ತದೆ ಎಂದು ಗದರಿಸಿಯೇ ಕೇಳಿದಳು.

"ನೀವು ತಿರುಗಿ ಬಿಡತೀರಲ್ರಿ, ಕಣ್ಣಿಗೆ ಕಾಣದ ಜೀವಾ... ಅಂಥಾವ ಅದನ್ನ ತಿಂದು ಮುಗಸತಾವು. ಬಿಸಲೂ ಕೈ ಹಚ್ಚತೈತಿ. ಅವಕ್ಕ ಜರಾ ವೇಳೆ ಕೊಡ್ರಿ."

ಆಯಿ ಕೊಡ ಕೆಳಗಿಟ್ಟಳು.

ಅಂದಿನಿಂದ ಬಾಯಾರೇ ತಮ್ಮ ಬಾವಿಯ ನೀರು ಸೇದಿ ನಮ್ಮ ಹೊಸ್ತಿಲಿಗೆ ತಂದಿಡುತ್ತಿದ್ದರು, ಸೋಸದೆ. ಸೋಸುವುದು ಆಯಿಯ ಹಕ್ಕು. ಶಾಲೆಗೆ ತಡವಾದರೂ ಕಟ್ಟೆಯ ಮೇಲೆ ಕಾಯ್ದು, ಬಟ್ಟೆ ತೊಳೆದ ನೀರನ್ನು ತಂಬಿಗೆಯಲ್ಲಿ ಒಯ್ದು ತಮ್ಮ ಬಾವಿಗೆ ಬಿಡುತ್ತಿದ್ದರು. ಲಿಂಗಾಯತರ ಮನೆಯ ಅವರಿಗೆ ಆ ವ್ರತವೇನೂ ಇರಲಿಲ್ಲ. ನಡುನಡುವೆ ಕೆರೆಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು, ಬಸ್ಸು ಹತ್ತಿ, ಕೊಲ್ಹಾಪುರದಲ್ಲಿ ತಪಾಸಣೆ ಮಾಡಿಸಿ ಬರುತ್ತಿದ್ದರು.

"ನೀರು ಆತೇನ್ರಿ ಬಾಯಾರ?" ಎಂದು ಆಯಿ ದಿನಾ ಕೇಳುವಳು.

"ಇನ್ನಾ ಇಲ್ರಿ."

ಕಡೆಗೊಂದು ಸಂಜೆ ಬಸ್ಸಿಳಿದವರೇ ನೇರ ನಮ್ಮ ಮನೆಗೆ ಬಂದು, ಆಯಿತು ಎಂದರು. ಆಯಿ ಕೆರೆಯ ಕಡೆ ತಿರುಗಿ ಕೈಮುಗಿದಳು, ಆಮೇಲೆ ಬಾಯಾರಿಗೆ. ತನಗಿಂತ ಕಿರಿಯರಿಗೆ ಅವಳು ಕೈಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಯಿ ಆಮೇಲೆ ಬಹಳ ವರ್ಷ ಬದುಕಿದಳು, ನನ್ನ ಮಗಳನ್ನು ಎತ್ತಿ ಆಡಿಸಿದಳು. ಆ ವರ್ಷಗಳೆಲ್ಲ ಬಾಯಾರು ಕೊಟ್ಟದ್ದೆಂದೇ ನನ್ನ ಲೆಕ್ಕ. ಈಗ ಇಬ್ಬರೂ ಇಲ್ಲ.

ನಿನ್ನೆ ಮಗಳು ಕಿಟಕಿಯಲ್ಲಿ ನಿಂತು, ಈ ಕೆರೆ ಯಾವಾಗ ಸರಿಯಾಗುತ್ತದೆ ಎಂದಳು. ತಡಿ, ಬಾಯಾರನ್ನು ಕೇಳಿ ಹೇಳುತ್ತೇನೆ ಅನ್ನುವುದರಲ್ಲಿದ್ದೆ...